‘ಕ್ಲಚ್ ಸರಿಯಿಲ್ಲ’ ಅಂತ ಮಾತ್ರ ಹೇಳಬೇಡಿ

ಗ್ಯಾರೇಜಿಗೆ ಕಾರು ತಗೊಂಡು ಹೋಗಿ ‘ಕ್ಲಚ್ ಸರಿಯಿಲ್ಲ ಅಣ್ಣಾ, ಸ್ವಲ್ಪ ನೋಡಿ’ ಅಂದರೆ ಮುಗಿಯಿತು. ಸಂಜೆ ಹೊತ್ತಿಗೆ ಗೇರ್‌ಬಾಕ್ಸ್ ಕೆಳಗಿಳಿದಿರುತ್ತದೆ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಹೊಸದು. ದುಡ್ಡು ಕೊಟ್ಟು ಕಾರು ಈಚೆ ತಂದ ಮೇಲೂ ಪೆಡಲ್ ಹಳೇ ಥರವೇ ಇದ್ದರೆ, ‘ಹೊಸದಲ್ವಾ, ಸೆಟ್ ಆಗೋಕೆ ನಾಲ್ಕು ದಿನ ಬೇಕು’ ಎನ್ನುವ ಉತ್ತರ ಸಿಗುತ್ತದೆ. ನಾಲ್ಕು ದಿನ ಅಲ್ಲ, ನಾಲ್ಕು ತಿಂಗಳಾದರೂ ಅದು ಸೆಟ್ ಆಗುವುದಿಲ್ಲ. ಯಾಕೆಂದರೆ ತೊಂದರೆ ಇದ್ದದ್ದು ಪ್ಲೇಟಿನಲ್ಲಿ ಅಲ್ಲವೇ ಅಲ್ಲ.

ಈ ವಿಷಯ ಈಗ ಬರೆಯಲು ಕಾರಣವಿದೆ. ಊರ ಕಡೆ ಕಾರು ಅಂದರೆ ಓಮ್ನಿ, ಆಲ್ಟೊ, ಬೊಲೆರೊ ಎನ್ನುವ ಕಾಲ ಹೋಯಿತು. ಫಸಲಿನ ದುಡ್ಡು ಕೈಗೆ ಬಂದ ವರ್ಷ ಹುಡುಗರು ಬೆಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಸೆಡಾನ್ ತರುತ್ತಾರೆ. ಹಳೇ ಆಕ್ಟೇವಿಯಾ ಆರ್‌ಎಸ್, ಫಿಯಟ್ ಲಿನಿಯಾ ಟಿ-ಜೆಟ್, 1.6 ಡೀಸೆಲ್ ವೆರ್ನಾ ಇಂಥವು. ಕೈ ಸ್ವಲ್ಪ ಬಲವಾಗಿದ್ದವರು ಸ್ಲಾವಿಯಾ, ವರ್ಟಸ್‌ಗಳ 1.5 ಟರ್ಬೊ ಮ್ಯಾನ್ಯುಯಲ್ ನೋಡುತ್ತಾರೆ. ತಂದ ಎರಡನೇ ವಾರಕ್ಕೆ ಶುರುವಾಗುವ ಮಾತು ಒಂದೇ: ‘ಗಾಡಿ ಸೂಪರ್, ಕ್ಲಚ್ ಒಂದು ಕಿರಿಕಿರಿ.’

ಮೊದಲು ಒಂದು ಲೆಕ್ಕ ತಿಳಿದಿರಲಿ. ಆಲ್ಟೊ 800ರ ಇಂಜಿನ್ ಹೆಚ್ಚೆಂದರೆ 69 ನ್ಯೂಟನ್ ಮೀಟರ್ ತಿರುಚು ಬಲ ಕೊಡುತ್ತದೆ. ಸ್ಲಾವಿಯಾದ 1.5 ಟರ್ಬೊ ಕೊಡುವುದು 250. ಅಷ್ಟು ಬಲವನ್ನು ಜಾರದೆ ಹಿಡಿದು ಗೇರ್‌ಬಾಕ್ಸಿಗೆ ದಾಟಿಸಬೇಕಾದರೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಸ್ಪ್ರಿಂಗೂ ಅಷ್ಟೇ ಗಟ್ಟಿ ಇರಬೇಕು. ನಾವು ಪೆಡಲ್ ತುಳಿಯುವುದು ಅಂದರೆ ಆ ಸ್ಪ್ರಿಂಗಿನ ಹಿಡಿತವನ್ನು ಬಿಡಿಸುವುದು. ಹಾಗಾಗಿ ಆಲ್ಟೊ ಓಡಿಸಿದ ಕಾಲಿಗೆ ಇದು ಭಾರ ಅನ್ನಿಸಿದರೆ ಅದು ದೋಷವಲ್ಲ.

ಆ ಭಾರವನ್ನು ಕಾಲಿಗೆ ತಾಳುವಷ್ಟು ಮಾಡುವುದು ಹಾರೆಯ ಲೆಕ್ಕ. ಗದ್ದೆಯಲ್ಲಿ ಕಲ್ಲು ಎಬ್ಬಿಸುವಾಗ ಹಾರೆ ಉದ್ದವಿದ್ದಷ್ಟೂ ಕೈಗೆ ಹಗುರ, ಆದರೆ ಹಿಡಿಯನ್ನು ಅಷ್ಟೇ ದೂರ ಒತ್ತಬೇಕು, ಕಲ್ಲು ಏಳುವುದು ಒಂದು ಬೆರಳಿನಷ್ಟು. ಕ್ಲಚ್ ಪೆಡಲ್ ಕೂಡ ಒಂದು ಹಾರೆಯೇ. ಅದರ ಮೇಲ್ತುದಿಯಲ್ಲಿ ಮಾಸ್ಟರ್ ಸಿಲಿಂಡರ್, ಅಲ್ಲಿಂದ ಆಯಿಲ್ ತುಂಬಿದ ಪೈಪ್, ಆ ಕಡೆ ಗೇರ್‌ಬಾಕ್ಸ್ ಹತ್ತಿರ ಸ್ಲೇವ್ ಸಿಲಿಂಡರ್. ತುಳಿದ ಒತ್ತಡ ಆಯಿಲಿನಲ್ಲಿ ಹೋಗಿ ರಿಲೀಸ್ ಬೇರಿಂಗನ್ನು ತಳ್ಳುತ್ತದೆ, ಅದು ಸ್ಪ್ರಿಂಗನ್ನು ಒತ್ತುತ್ತದೆ, ಪ್ಲೇಟ್ ಬಿಡುಗಡೆಯಾಗುತ್ತದೆ. ಕಾಲಿಗೂ ಪ್ಲೇಟಿಗೂ ನಡುವೆ ಇಷ್ಟೊಂದು ಕೈಗಳಿವೆ. ಇವುಗಳಲ್ಲಿ ಯಾವುದು ಕೆಟ್ಟರೂ ನಮ್ಮ ಬಾಯಲ್ಲಿ ಬರುವುದು ಮಾತ್ರ ‘ಕ್ಲಚ್ ಸರಿಯಿಲ್ಲ’.

ಜ್ವರ ಬಂದಾಗ ಡಾಕ್ಟರ್ ಹತ್ತಿರ ‘ಮೈ ಸರಿಯಿಲ್ಲ’ ಅಂತ ಹೇಳಿ ಸುಮ್ಮನೆ ಕೂರುತ್ತೇವಾ? ಚಳಿ ಇದೆ, ವಾಂತಿ ಇಲ್ಲ, ತಲೆನೋವು ರಾತ್ರಿ ಜಾಸ್ತಿ ಅಂತ ಬಿಡಿಸಿ ಹೇಳುತ್ತೇವೆ. ಪೆಡಲ್ ವಿಷಯದಲ್ಲೂ ಹಾಗೇ ಹೇಳಬೇಕು. ಗಟ್ಟಿ ಬೇರೆ, ಮೆತ್ತಗೆ ಬೇರೆ, ತಡವಾಗಿ ಹಿಡಿಯುವುದು ಬೇರೆ.

ಮೆತ್ತಗಿದೆ, ಸ್ಪಂಜ್ ತುಳಿದ ಹಾಗಿದೆ, ಎರಡು ಮೂರು ಸಲ ಪಂಪ್ ಮಾಡಿದರೆ ಸರಿಯಾಗುತ್ತದೆ ಅಂದರೆ ಹೆಚ್ಚಾಗಿ ಪೈಪಿನೊಳಗೆ ಗಾಳಿ ಸೇರಿದೆ. ಆಯಿಲನ್ನು ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನೀವು ತುಳಿದದ್ದರಲ್ಲಿ ಒಂದು ಪಾಲು ಆ ಗಾಳಿಗುಳ್ಳೆಯನ್ನು ಹಿಸುಕುವುದಕ್ಕೇ ಹೋಗುತ್ತದೆ. ಇಂಜಿನ್ ಆನ್ ಇಟ್ಟು, ಸಮತಟ್ಟು ಜಾಗದಲ್ಲಿ ಕ್ಲಚ್ ಪೂರ್ತಿ ತುಳಿದು, ಮೊದಲ ಗೇರ್ ಹಾಕಿ, ಬ್ರೇಕ್ ಮೇಲೆ ಕಾಲು ಸಿದ್ಧ ಇಟ್ಟುಕೊಂಡು ಅರ್ಧ ನಿಮಿಷ ಕಾಯಿರಿ. ಎದುರಿಗೆ ಜನ, ದನ ಇರಬಾರದು. ತುಳಿದು ಹಿಡಿದಿದ್ದರೂ ಕಾರು ಮೆಲ್ಲಗೆ ಮುಂದೆ ಸರಿಯಲು ಶುರು ಮಾಡಿದರೆ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಒತ್ತಡ ಬಿಟ್ಟುಕೊಡುತ್ತಿರಬಹುದು. ಇವೆರಡಕ್ಕೂ ಹೊಸ ಪ್ಲೇಟ್ ಔಷಧಿ ಅಲ್ಲ.

ಮೊದಲು ಹಗುರವಿದ್ದ ಪೆಡಲ್ ವರ್ಷ ಕಳೆದಂತೆ ಗಟ್ಟಿಯಾಗುತ್ತಾ ಬಂದಿದ್ದರೆ ಮಾತ್ರ ಅನುಮಾನ ಕ್ಲಚ್ ಕಡೆಗೇ ಹೋಗಬೇಕು. ಪ್ಲೇಟ್ ಸವೆದು ತೆಳ್ಳಗಾದ ಹಾಗೆ ಆ ಸ್ಪ್ರಿಂಗ್ ಕೂರುವ ಓರೆ ಬದಲಾಗುತ್ತದೆ, ಒತ್ತಲು ಹೆಚ್ಚು ಬಲ ಬೇಕಾಗುತ್ತದೆ. (ಸವೆತವನ್ನು ತಾನೇ ಸರಿದೂಗಿಸಿಕೊಳ್ಳುವ ಕ್ಲಚ್‌ಗಳೂ ಇವೆ, ಅವುಗಳಲ್ಲಿ ಇದು ಇಷ್ಟಾಗಿ ಗೊತ್ತಾಗುವುದಿಲ್ಲ.) ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಮಾತ್ರ ಕೂಗಿ ಗಾಡಿ ಏಳದಿದ್ದರೆ ಪ್ಲೇಟ್ ಜಾರುತ್ತಿದೆ. ಆಗ ಗೇರ್‌ಬಾಕ್ಸ್ ಇಳಿಸಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಇಳಿಸಿದ ಮೇಲೆ ಬೇರಿಂಗ್ ಜಾರುವ ಕೊಳವೆ, ಫೋರ್ಕ್ ಕೂರುವ ಜಾಗ ಒಣಗಿದೆಯಾ ಅಂತ ನೋಡಿಸಿ. ಹೊಸ ಪ್ಲೇಟ್ ಹಾಕಿಯೂ ಪೆಡಲ್ ಭಾರವೇ ಇರಲು ಅದೂ ಒಂದು ಕಾರಣ.

ನಮ್ಮ ದೊಡ್ಡಪ್ಪನ ಮಗನ ಕಾರಿನದು ಮೊದಲನೇ ಜಾತಿಯ ರೋಗ. ಟರ್ಬೊ ಪೆಟ್ರೋಲ್ ಸೆಡಾನ್, ಎರಡು ಕೈ ದಾಟಿ ಬಂದದ್ದು. ಒಂದು ಗ್ಯಾರೇಜಿನಲ್ಲಿ ಪೂರ್ತಿ ಕ್ಲಚ್ ಸೆಟ್ ಜೊತೆ ಫ್ಲೈವೀಲೂ ಬದಲಿಸಬೇಕು ಅಂದರು. ಅವನು ಅಡಿಕೆ ಮಂಡಿಯಲ್ಲಿ ಮುಂಗಡ ಕೇಳುವ ಯೋಚನೆಯಲ್ಲಿದ್ದ. ಇನ್ನೊಂದು ಕಡೆ ತೋರಿಸಿದಾಗ ಅಲ್ಲಿನ ಮೇಸ್ತ್ರಿ ಬಾನೆಟ್ ಎತ್ತಿ ಆಯಿಲ್ ಡಬ್ಬಿಯ ಮುಚ್ಚಳ ಬಿಚ್ಚಿದರು. ಆಯಿಲ್ ಕಡಕ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಹಳೇದನ್ನು ತೆಗೆದು, ಹೊಸದು ತುಂಬಿ, ಏರ್ ತೆಗೆದು ಕಳಿಸಿದರು. ಪೆಡಲ್ ಹೊಸದಾಗಲಿಲ್ಲ, ಆದರೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಕಾಲಿಗೆ ಗೊತ್ತಾಗತೊಡಗಿತು. ಮುಂಗಡದ ಮಾತು ಅಲ್ಲಿಗೇ ನಿಂತಿತು.

ಈ ಆಯಿಲ್ ವಿಷಯದಲ್ಲಿ ನಮ್ಮ ಕಡೆಯವರಿಗೆ ತಾತ್ಸಾರ ಜಾಸ್ತಿ. ಇಂಜಿನ್ ಆಯಿಲ್ ತಪ್ಪದೆ ಬದಲಿಸುತ್ತೇವೆ, ಬ್ರೇಕ್ ಆಯಿಲ್ ಮುಟ್ಟುವುದಿಲ್ಲ. ಇವತ್ತಿನ ಬಹಳಷ್ಟು ಕಾರುಗಳಲ್ಲಿ ಕ್ಲಚ್‌ಗೂ ಬ್ರೇಕ್‌ಗೂ ಡಬ್ಬಿ ಒಂದೇ, ಆಯಿಲೂ ಒಂದೇ. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮ. ನೂರಕ್ಕೆ ನಾಲ್ಕರಷ್ಟೂ ಇಲ್ಲದ ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಬ್ರೇಕ್ ಕಾಯುತ್ತದೆ. ಆಯಿಲ್ ಕುದ್ದರೆ ಆವಿ, ಆವಿ ಅಂದರೆ ಮತ್ತೆ ಗಾಳಿಗುಳ್ಳೆಯದೇ ಕಥೆ, ಈ ಸಲ ಬ್ರೇಕ್ ಪೆಡಲಿನಲ್ಲಿ. ಕ್ಲಚ್ ಪೆಡಲ್ ಮೆತ್ತಗಾದದ್ದನ್ನು ನಾನು ಬರೀ ಸುಖದ ಪ್ರಶ್ನೆ ಅಂತ ನೋಡದಿರುವುದು ಇದಕ್ಕೇ. ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಿ ಅಂತ ಹಲವು ಕಂಪನಿಗಳೇ ಹೇಳುತ್ತವೆ. ಮುಚ್ಚಳದ ಮೇಲೆ ಬರೆದಿರುವ ನಮೂನೆಯನ್ನೇ ಹಾಕಿಸಿ, ಅಂಗಡಿಯಲ್ಲಿ ಬಿಚ್ಚಿಟ್ಟ ಹಳೇ ಬಾಟಲಿ ಬೇಡ. ಇಂಜಿನ್ ಆಯಿಲ್ ಅಪ್ಪಿತಪ್ಪಿಯೂ ಇದಕ್ಕೆ ಸುರಿಯಬೇಡಿ, ಒಳಗಿನ ರಬ್ಬರೆಲ್ಲ ಊದಿಕೊಂಡು ಹಾಳಾಗುತ್ತದೆ.

ಇನ್ನು ಮೂರನೆಯದು, ಕಾಲು ಬಿಟ್ಟರೂ ಕ್ಲಚ್ ತಡವಾಗಿ ಹಿಡಿಯುವುದು. ಕೆಲವು ಕಾರುಗಳಲ್ಲಿ ಇದು ಕೆಟ್ಟು ಹೋದದ್ದಲ್ಲ, ಕಂಪನಿಯವರೇ ಬೇಕೆಂದು ಮಾಡಿದ್ದು. ಬಿಎಂಡಬ್ಲ್ಯೂ ತನ್ನ 3 ಸೀರೀಸ್ ಮ್ಯಾನ್ಯುಯಲ್ ಕಾರುಗಳ ಕ್ಲಚ್ ಪೈಪಿನಲ್ಲಿ ಒಂದು ಸಣ್ಣ ವಾಲ್ವ್ ಇಡುತ್ತಿತ್ತು. ಅದರ ತೂತು ಕಿರಿದು, ಆಯಿಲ್ ವಾಪಸ್ ಬರುವುದು ನಿಧಾನ. ಯಾರಾದರೂ ಧಡಕ್ಕನೆ ಕಾಲು ತೆಗೆದರೂ ಗೇರ್‌ಬಾಕ್ಸ್, ಆಕ್ಸಲ್‌ಗೆ ಪೆಟ್ಟು ಬೀಳದಿರಲಿ ಎಂಬುದು ಕಂಪನಿಯ ಲೆಕ್ಕ. ಆದರೆ ಓಡಿಸಲು ಬರುವವನ ಕಾಲು ಒಂದು ಕಡೆ, ಕ್ಲಚ್ ಇನ್ನೊಂದು ಕಡೆ. ಅಮೆರಿಕ, ಇಂಗ್ಲೆಂಡಿನ ಆಸಕ್ತರು ಆ ವಾಲ್ವನ್ನೇ ತೆಗೆದುಹಾಕುವುದು ಹಳೇ ರೂಢಿ. ಇದೇ ಥರ ಫೋಕ್ಸ್‌ವ್ಯಾಗನ್, ಆಡಿ ಕಾರುಗಳ ಪೆಡಲ್ ಹತ್ತಿರ ಒಂದು ಸಹಾಯಕ ಸ್ಪ್ರಿಂಗ್ ಇರುತ್ತದೆ. ಪೆಡಲ್ ಅರ್ಧ ದಾಟಿದ ಮೇಲೆ ಅದು ಕಾಲಿನ ಜೊತೆ ಸೇರಿ ತಾನೂ ಒತ್ತುತ್ತದೆ. ಕಾಲಿಗೇನೋ ಹಗುರ, ಆದರೆ ಪ್ಲೇಟ್ ಹಿಡಿಯುವ ಹೊತ್ತಿನ ಸುದ್ದಿ ಮಸುಕಾಗುತ್ತದೆ. ಅದನ್ನು ತೆಗೆದವರಿಗೆ ಪೆಡಲ್ ಸ್ವಲ್ಪ ಗಟ್ಟಿಯಾಗಿ, ಆದರೆ ಮೇಲಿಂದ ಕೆಳಗಿನವರೆಗೆ ಒಂದೇ ಹದದಲ್ಲಿ ಸಿಗುತ್ತದೆ.

ನನ್ನ ಅಭಿಪ್ರಾಯ ಇಲ್ಲೇ ಇರುವುದು. ಹಗುರ ಪೆಡಲ್ ಅಂದರೆ ಒಳ್ಳೆಯ ಪೆಡಲ್ ಅಂತ ಶೋರೂಮಿನವರು ನಮ್ಮ ತಲೆಗೆ ತುಂಬಿದ್ದಾರೆ. ಟೆಸ್ಟ್ ಡ್ರೈವ್‌ನ ಹತ್ತು ನಿಮಿಷಕ್ಕೆ ಅದು ನಿಜ ಅನ್ನಿಸುತ್ತದೆ. ಮಳೆಗಾಲದಲ್ಲಿ ಮಣ್ಣಿನ ಏರಿನ ನಡುವೆ, ಹಿಂದೆ ಇನ್ನೊಂದು ಗಾಡಿ ನಿಂತಿರುವಾಗ, ಹಿಂದಕ್ಕೆ ಜಾರದೆ ಎತ್ತಬೇಕು ಅಂದರೆ ಬೇಕಾಗುವುದು ಹಗುರ ಅಲ್ಲ, ಸುಳಿವು. ಪ್ಲೇಟ್ ತಾಗಿತು ಅಂತ ಕಾಲಿಗೆ ಗೊತ್ತಾಗಬೇಕು. ಗೊತ್ತಾಗದಿದ್ದಾಗ ನಾವು ಮಾಡುವುದೇನು? ಇಂಜಿನ್ ರೇಸ್ ಮಾಡಿ ಹಾಫ್ ಕ್ಲಚ್‌ನಲ್ಲಿ ನಿಲ್ಲಿಸುತ್ತೇವೆ, ಸುಟ್ಟ ವಾಸನೆ ಬರುತ್ತದೆ, ಪ್ಲೇಟಿನ ಆಯಸ್ಸು ಅಲ್ಲೇ ಕರಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ದಿನಾ ಎರಡು ಗಂಟೆ ತುಳಿಯುವವರ ಮೊಣಕಾಲು ನೋವು ಸುಳ್ಳಲ್ಲ. ಅವರು ಹಗುರವನ್ನೇ ಆರಿಸಿಕೊಳ್ಳಲಿ. ಅವರಿಗಾಗಿ ಹದ ಮಾಡಿದ ಪೆಡಲ್ ನಮ್ಮ ರಸ್ತೆಗೂ ಸರಿ ಅಂತ ಒಪ್ಪಿಕೊಳ್ಳಬೇಕಾಗಿಲ್ಲ.

ಹಾಗಂತ ನಾಳೆಯೇ ಸ್ಪ್ರಿಂಗ್ ಕಿತ್ತು ಬಿಸಾಡಿ ಅಂತಲೂ ಹೇಳುತ್ತಿಲ್ಲ. ಕೆಲವು ಕಾರುಗಳಲ್ಲಿ ಪೆಡಲ್ ಮೇಲೆ ಬರಲು ಅದೇ ಸ್ಪ್ರಿಂಗ್ ಬೇಕು. ಇನ್ನೊಂದು ಮಾತು: ಊರಿನ ಕಾರಿಗೆ ಕಾಲುಗಳು ಬಹಳ. ತಮ್ಮ ಓಡಿಸುತ್ತಾನೆ, ಅಕ್ಕ ಮಕ್ಕಳನ್ನು ಸ್ಕೂಲಿಗೆ ಬಿಡುತ್ತಾಳೆ, ರಾತ್ರಿ ಯಾರಿಗಾದರೂ ಹುಷಾರಿಲ್ಲ ಅಂದರೆ ಪಕ್ಕದ ಮನೆಯವರು ಕೀಲಿ ತಗೊಂಡು ಹೋಗುತ್ತಾರೆ. ಒಬ್ಬನ ಷೋಕಿಗೆ ರೇಸಿಂಗ್ ಕ್ಲಚ್ ಹಾಕಿಸಿದರೆ ಉಳಿದವರೆಲ್ಲ ಗೇಟಿನಲ್ಲೇ ಆಫ್ ಮಾಡಿಕೊಂಡು ನಿಲ್ಲುತ್ತಾರೆ. ಇಂಜಿನ್ ಪವರ್ ಹೆಚ್ಚಿಸದೆ ಬರೀ ಕ್ಲಚ್ ಗಟ್ಟಿ ಮಾಡಿಸುವುದಂತೂ ದುಡ್ಡು ಕೊಟ್ಟು ಕಾಲು ನೋವು ತಂದುಕೊಂಡ ಹಾಗೆ.

ಖರ್ಚೇ ಇಲ್ಲದ ಕೆಲಸ ಮೊದಲು ಮಾಡಿ. ಎರಡು ಮೂರು ಮ್ಯಾಟ್ ಒಂದರ ಮೇಲೊಂದು ಹಾಸಿದ್ದರೆ ಪೆಡಲ್ ಪೂರ್ತಿ ಕೆಳಗೆ ಹೋಗುವುದೇ ಇಲ್ಲ, ಗೇರ್ ಕರಕರ ಅನ್ನುತ್ತದೆ, ಬೈಗುಳ ಗೇರ್‌ಬಾಕ್ಸಿಗೆ. ಸೀಟನ್ನು ಹಿಂದೆ ತಳ್ಳಿ ಕಾಲು ಚಾಚಿ ಕೂರುವುದು ನೋಡೋಕೆ ಸ್ಟೈಲ್, ಆದರೆ ಪೆಡಲ್ ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಸವೆದ ಹವಾಯಿ ಚಪ್ಪಲಿ, ನುಣ್ಣಗಾದ ಪೆಡಲ್ ರಬ್ಬರ್ ಎರಡೂ ಸೇರಿದರೆ ಯಾವ ಕಾರಿನ ಕ್ಲಚ್ ಕೂಡ ಚೆನ್ನಾಗಿರುವುದಿಲ್ಲ. ಪೆಡಲ್ ತಿರುಗುವ ಜಾಗ ಕೀರ್ ಅಂದರೆ ಅಲ್ಲಿಗೆ ಒಂದಿಷ್ಟು ಗ್ರೀಸ್.

ಅಷ್ಟಾದ ಮೇಲೂ ಗ್ಯಾರೇಜಿಗೆ ಹೋಗಬೇಕಾಗಿ ಬಂದರೆ ಹೀಗೆ ಹೇಳಿ: ‘ಬೆಳಿಗ್ಗೆ ಸರಿ ಇರುತ್ತೆ, ಬಿಸಿಯಾದ ಮೇಲೆ ಮೆತ್ತಗಾಗುತ್ತೆ, ಪಂಪ್ ಮಾಡಿದ್ರೆ ಬರುತ್ತೆ, ನಾಲ್ಕನೇ ಗೇರಲ್ಲಿ ಜಾರಲ್ಲ.’ ಇಷ್ಟು ಕೇಳಿಯೂ ಮೊದಲ ಮಾತಿಗೇ ‘ಕ್ಲಚ್ ಸೆಟ್ ಹೋಗಿದೆ’ ಅನ್ನುವವರ ಹತ್ತಿರ ಕೀಲಿ ಕೊಡಬೇಡಿ. ಮೊದಲು ಆಯಿಲ್ ಬದಲಿಸಿ ಏರ್ ತೆಗೆದು ನೋಡೋಣ ಅನ್ನುವವರ ಹತ್ತಿರ ಕೊಡಿ. ಕೊನೆಗೂ ಪ್ಲೇಟೇ ಹೋಗಿದೆ ಅಂತಾದರೆ ಬಿಚ್ಚುವಾಗ ಎದುರಿಗೆ ನಿಂತು, ಹಳೇ ಪ್ಲೇಟನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ದಪ್ಪ ಹೋಲಿಸಿ ನೋಡಿ. ಆಮೇಲೆ ಹಳೇದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಮನೆಗೆ ತನ್ನಿ.