ಹುಳುಮನೆಯ ವೈರಸ್ಸೂ ಜೀವಕೋಶದ ಅಪ್ಪಣೆಯೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರಿಗೆ ‘ಹಾಲುತೊಂಡೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎದೆ ನಡುಗುತ್ತದೆ. ಹುಳುವಿನ ಮೈ ಊದಿ, ಚರ್ಮ ಬಿರಿದು, ಹಾಲಿನಂಥ ರಸ ಸೋರುತ್ತದೆ. ಗೂಡು ಕಟ್ಟುವ ಮೊದಲೇ ಹುಳು ಸಾಯುತ್ತದೆ. ಈ ರೋಗವನ್ನು ತರುವ ವೈರಸ್ಸು ‘ಬ್ಯಾಕ್ಯುಲೋವೈರಸ್’ ಎಂಬ ಕುಲಕ್ಕೆ ಸೇರಿದುದು. ಅದೇ ಕುಲದ ಇನ್ನೊಂದು ವೈರಸ್ಸು ಇಂದು ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಮಾನವ ಪ್ರೋಟೀನುಗಳನ್ನು ತಯಾರಿಸಿಕೊಡುತ್ತಿದೆ. ರೇಷ್ಮೆಯ ನಾಡಿನ ವಿದ್ಯಾರ್ಥಿಗಳಿಗೆ ಈ ಸಂಗತಿ ತಿಳಿಯದಿರುವುದು ಉಚಿತವಲ್ಲವೆಂಬುದು ನನ್ನ ಅಭಿಪ್ರಾಯ.

ಜೀವಕೋಶವು ಎರಡಾಗುವ ಕ್ರಿಯೆಯನ್ನು ನಾವು ಪಠ್ಯಪುಸ್ತಕದಲ್ಲಿ ಕೆಲವು ಚಿತ್ರಗಳಾಗಿ ನೋಡುತ್ತೇವೆ. ಹಂತಗಳ ಹೆಸರನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತೇವೆ. ಒಂದು ಹಂತವು ಮುಗಿದು ಮತ್ತೊಂದು ತೊಡಗಲು ಅಪ್ಪಣೆ ಕೊಡುವವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಬೆನ್ನಟ್ಟಿದವರು ಲೀಲೆಂಡ್ ಹಾರ್ಟ್‌ವೆಲ್, ಪಾಲ್ ನರ್ಸ್, ಟಿಮ್ ಹಂಟ್ ಎಂಬ ಮೂವರು ವಿಜ್ಞಾನಿಗಳು. ಮೊದಲಿನ ಇಬ್ಬರು ಯೀಸ್ಟಿನಲ್ಲಿಯೂ, ಮೂರನೆಯವರು ಕಡಲಿನ ಮುಳ್ಳುಜೀವಿಯೊಂದರ ಮೊಟ್ಟೆಗಳಲ್ಲಿಯೂ ಉತ್ತರವನ್ನು ಅರಸಿದರು. 2001ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಅವರು ಕಂಡುಕೊಂಡ ಉತ್ತರದ ತಿರುಳು ಇಷ್ಟು: ಕೋಶದಲ್ಲಿ ಕೈನೇಸ್ ಎಂಬ ಜಾತಿಯ ಕಿಣ್ವಗಳುಂಟು. ಎ.ಟಿ.ಪಿ. ಎಂಬ ಅಣುವಿನಿಂದ ಒಂದು ಫಾಸ್ಫೇಟನ್ನು ಕಿತ್ತು ಬೇರೊಂದು ಪ್ರೋಟೀನಿಗೆ ಅಂಟಿಸುವುದೇ ಅವುಗಳ ಕೆಲಸ. ಆ ಅಂಟಿಸಿದ ಗುರುತೇ ಅಪ್ಪಣೆ. ವಿಭಜನೆಗೆ ಅಪ್ಪಣೆ ಕೊಡುವ ಸಿ.ಡಿ.ಕೆ.-1 ಎಂಬ ಮಾನವ ಕೈನೇಸು 297 ಅಮೈನೋ ಆಮ್ಲಗಳ ಸರಪಳಿ. ಸೈಕ್ಲಿನ್ ಎಂಬ ಜೊತೆಗಾರನಿಲ್ಲದೆ ಅದು ಕೆಲಸ ಮಾಡಲಾರದು. 1987ರಲ್ಲಿ ಮೆಲನಿ ಲೀ ಮತ್ತು ನರ್ಸ್ ಇದರ ಮಾನವ ಜೀನನ್ನು, ಆ ಕಾರ್ಯದಲ್ಲಿ ಕುಂಟಾದ ಯೀಸ್ಟಿಗೆ ಕೊಟ್ಟಾಗ ಯೀಸ್ಟು ಮತ್ತೆ ವಿಭಜಿಸತೊಡಗಿತು. ಹುದುಗು ಬರಿಸುವ ಆ ಸೂಕ್ಷ್ಮಜೀವಿಯೂ ಮನುಷ್ಯನೂ ಈ ವಿಷಯದಲ್ಲಿ ಒಂದೇ ಕಟ್ಟಳೆಗೆ ಒಳಪಟ್ಟವರು!

ಅಪ್ಪಣೆಗೆ ತಡೆಯಿಲ್ಲದೆ ಕೋಶಗಳು ಬೆಳೆಯುತ್ತ ಹೋಗುವುದೇ ಕ್ಯಾನ್ಸರು. ಕೈನೇಸನ್ನು ತಡೆಯುವ ಔಷಧವನ್ನು ಹುಡುಕಬೇಕಾದರೆ ಶುದ್ಧವಾದ ಕೈನೇಸು ನಳಿಕೆಯಲ್ಲಿರಬೇಕು. ಅದಕ್ಕೆ ನೂರಾರು ರಾಸಾಯನಿಕಗಳನ್ನು ಒಂದೊಂದಾಗಿ ಸೇರಿಸಿ, ಫಾಸ್ಫೇಟು ಅಂಟುವುದು ನಿಂತಿತೇ ಎಂದು ಅಳೆಯಬೇಕು. ಆದರೆ ಆ ಪ್ರೋಟೀನನ್ನು ತರುವುದೆಲ್ಲಿಂದ? ಬ್ಯಾಕ್ಟೀರಿಯಾಗಳು ತಯಾರಿಸಿದಾಗ ಇಂಥ ಪ್ರೋಟೀನುಗಳು ಅನೇಕ ವೇಳೆ ಸರಿಯಾಗಿ ಮಡಿಚಿಕೊಳ್ಳುವುದಿಲ್ಲ. ಇಲ್ಲಿಯೇ ಹುಳುವಿನ ವೈರಸ್ಸು ನೆರವಿಗೆ ಬಂದಿತು. ಅದು ಹೊರಗಿನ ಬಿಸಿಲು ಗಾಳಿಗಳಿಂದ ಉಳಿಯಲು ಒಂದು ಪ್ರೋಟೀನಿನ ಕವಚವನ್ನು ಹೇರಳವಾಗಿ ತಯಾರಿಸುತ್ತದೆ. ಆ ಕವಚದ ಜೀನನ್ನು ತೆಗೆದು ಅಲ್ಲಿ ಮಾನವ ಜೀನನ್ನಿಟ್ಟರೆ, ಸೋಂಕು ತಗಲಿದ ಕೀಟಕೋಶವು ಮಾನವ ಪ್ರೋಟೀನನ್ನೇ ತಯಾರಿಸುತ್ತದೆ. 1983ರಲ್ಲಿ ಗೇಲ್ ಸ್ಮಿತ್, ಮ್ಯಾಕ್ಸ್ ಸಮ್ಮರ್ಸ್ ಮತ್ತು ಸಂಗಡಿಗರು ಹೀಗೆ ಇಂಟರ್‌ಫೆರಾನನ್ನು ಪಡೆದರು. 1985ರಲ್ಲಿ ಜಪಾನಿನ ಸುಸುಮು ಮಯೆದಾ ಮತ್ತು ಸಂಗಡಿಗರು ರೇಷ್ಮೆಹುಳುವಿನ ಮೈಯಲ್ಲಿಯೇ ಅಂಥದನ್ನು ಪಡೆದರು. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಕೀಟಕೋಶಗಳು ಬಂದುದಾದರೂ ಯಾವುದರಿಂದ? 2018ರಲ್ಲಿ ಕರ್ನಾಟಕದ ಮುಸುಕಿನ ಜೋಳದ ಹೊಲಗಳಿಗೆ ನುಗ್ಗಿದ ಫಾಲ್ ಸೈನಿಕಹುಳುವಿನಿಂದ.

ಇಂಥ ಪ್ರೋಟೀನನ್ನು ಮೈಕ್ರೋಗ್ರಾಮಿನ ಲೆಕ್ಕದಲ್ಲಿ ಮಾರುತ್ತಾರೆ. ಸಂಶೋಧನೆಗೆ ಮಾತ್ರವೆಂದು ಸೀಸೆಯ ಮೇಲೆ ಬರೆದಿರುತ್ತದೆ. ಔಷಧವಲ್ಲದ ಮೇಲೆ ನಮಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಅಕ್ಕಸಾಲಿಗನ ಒರೆಗಲ್ಲು ಒಡವೆಯಲ್ಲ. ಅದಿಲ್ಲದೆ ಚಿನ್ನದ ಬೆಲೆ ತಿಳಿಯದು. ಸಿ.ಡಿ.ಕೆ.-1ರ ಬಂಧುಗಳಾದ ಸಿ.ಡಿ.ಕೆ.-4 ಮತ್ತು 6ನ್ನು ತಡೆಯುವ ಪಾಲ್ಬೊಸೈಕ್ಲಿಬ್ ಎಂಬ ಔಷಧಕ್ಕೆ 2015ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಸ್ತನದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದು ಅದು ಬಳಕೆಯಲ್ಲಿದೆ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕವುಳ್ಳದ್ದು. ಹುಳು ಸಾಕುವ ಸೀಮೆಯಲ್ಲಿ ಹುಳುವಿನ ವೈರಸ್ಸನ್ನು ತಿದ್ದುವ ಕೆಲಸ ಅಪಾಯವಲ್ಲವೇ? ಕವಚವನ್ನು ಕಳೆದುಕೊಂಡ ವೈರಸ್ಸು ಹೊರಗೆ ಹೆಚ್ಚು ಕಾಲ ಬಾಳಲಾರದೆಂಬುದು ನಿಜ. ಆದರೂ ಬಡ ರೈತನ ಒಂದು ಬೆಳೆ ಈ ಭರವಸೆಯೊಂದನ್ನೇ ನಂಬಿ ನಿಲ್ಲಕೂಡದು. 1989ರ ಜೈವಿಕ ಸುರಕ್ಷತೆಯ ನಿಯಮಗಳಿಗೆ ಒಳಪಟ್ಟ, ಮುಚ್ಚಿದ ಪ್ರಯೋಗಶಾಲೆಗಳಲ್ಲಿ ಮಾತ್ರ ಇದು ನಡೆಯತಕ್ಕದ್ದು.

ಹಾಗೆಂದು ಕೈಕಟ್ಟಿ ಕುಳಿತಿರಬೇಕೆಂದು ಅರ್ಥವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ಅವರು ರೇಷ್ಮೆಹುಳು ಮತ್ತು ಅದರ ವೈರಸ್ಸಿನ ಮೇಲೆ ಇಂಥ ಸಂಶೋಧನೆಯನ್ನು ನಡೆಸಿದ್ದಾರೆ. ಅಂಥ ವಿದ್ಯೆಗೆ ಬೇಕಾದ ತರುಣರು ಹುಳುಮನೆಯ ಬಾಗಿಲಲ್ಲಿಯೇ ಬೆಳೆಯುತ್ತಿದ್ದಾರೆ. ಹಣ್ಣಾದ ಹುಳುವನ್ನು ಬಣ್ಣದಿಂದಲೇ ಗುರುತಿಸಿ ಚಂದ್ರಂಕಿಗೆ ಬಿಡುವ ಮಗನೋ ಮಗಳೋ, ನೋಡಿ ತಿಳಿಯುವ ವಿಜ್ಞಾನದ ಮೊದಲ ಪಾಠವನ್ನು ಆಗಲೇ ಕಲಿತಿದ್ದಾರೆ. ಅವರ ಕೈಗೆ ಕಾಲೇಜು ಒಂದು ಸೂಕ್ಷ್ಮದರ್ಶಕವನ್ನು ಕೊಡಲಿ. ಈರುಳ್ಳಿ ಬೇರಿನ ತುದಿಯಲ್ಲಿ ವಿಭಜಿಸುತ್ತಿರುವ ಕೋಶಗಳನ್ನು ಅವರೇ ಎಣಿಸಲಿ. ಹಂತದ ಹೆಸರಿಗೆ ಅಂಕ ಕೊಡುವ ಅಧ್ಯಾಪಕರು, ಹಂತವು ಏಕೆ ಬದಲಾಯಿತೆಂಬ ಪ್ರಶ್ನೆಗೂ ಅಂಕ ಕೊಡಲಿ. ಕಿಣ್ವವನ್ನು ಕೊಂಡು ತರಲು ಹಣ ಸಾಕು. ಅದನ್ನು ತಯಾರಿಸಬಲ್ಲವರು ಬೇಕಾದರೆ ಪಾಠವು ಇಂದೇ ಬದಲಾಗಬೇಕು.