ಕೂಸಿನ ಹಸಿವು ತಾಯಿಯ ತಾಟಿನಿಂದ ಶುರು



ಅಂಗನವಾಡಿಯಲ್ಲಿ ಕೂಸಿನ ತೂಕ ಕಡಿಮೆ ಬಂದರೆ ಮನೆಯವರು ಬೈಯುವುದು ಯಾರನ್ನು? ತಾಯಿಯನ್ನು. ‘ಕೂಸಿಗೆ ಉಣಸಾಕೂ ಬರೂದಿಲ್ಲ ಇಕಿಗೆ’ ಎನ್ನುತ್ತಾರೆ. ಆ ತಾಯಿ ಏನು ಉಂಡಳೆಂದು ಕೇಳುವವರು ಯಾರು?

ಬಾಗಲಕೋಟೆಯಲ್ಲಿ ಪಾಠ ಮಾಡುತ್ತಿದ್ದಾಗ, ಬೆಳಗಿನ ತರಗತಿಯಲ್ಲಿ ತಲೆಸುತ್ತಿ ಕೂರುವ ಹುಡುಗಿಯರಿಗೆ ‘ನಾಷ್ಟಾ ಯಾಕೆ ಮಾಡಿಲ್ಲ?’ ಎಂದು ಗದರಿದವಳು ನಾನು. ಅಣ್ಣತಮ್ಮಂದಿರಿಗೆ ಬಡಿಸಿ ಉಳಿದರೆ ತಾನೇ ಅವರಿಗೆ? ಆ ಹುಡುಗಿಯರೇ ಮುಂದೆ ತಾಯಂದಿರಾದರು.

ಬಾದಾಮಿ, ಹುನಗುಂದದ ಹಳ್ಳಿಗಳಲ್ಲಿ ಊಟದ ಸರದಿ ನಮಗೆ ಗೊತ್ತಿದ್ದದ್ದೇ. ಮೊದಲು ಗಂಡಸರು, ಆಮೇಲೆ ಮಕ್ಕಳು, ಅತ್ತೆ, ಕಟ್ಟಕಡೆಗೆ ಸೊಸೆ. ಅಷ್ಟೊತ್ತಿಗೆ ಕಾಳಿನ ಪಲ್ಯ ತಳ ಕಂಡಿರುತ್ತದೆ. ಆರಿದ ರೊಟ್ಟಿ, ಖಾರ, ನೀರುಮಜ್ಜಿಗೆ ಅವಳ ಪಾಲು. ರೊಟ್ಟಿಯಿಂದ ಹೊಟ್ಟೆ ತುಂಬಬಹುದು. ಬಸುರಿಗೆ ಬೇಕಾದಷ್ಟು ಕಬ್ಬಿಣಾಂಶ, ಎ ಜೀವಸತ್ವ ಬರಿಯ ರೊಟ್ಟಿಯಲ್ಲಿಲ್ಲ. ರಕ್ತಹೀನ ತಾಯಿಗೆ ಕಡಿಮೆ ತೂಕದ ಕೂಸು ಹುಟ್ಟುವ ಅಪಾಯ ಹೆಚ್ಚು. ಹದಿನೆಂಟರೊಳಗೇ ಮದುವೆ ಮಾಡಿದರಂತೂ ಬೆಳೆಯುವ ಹುಡುಗಿಯೂ ಹೊಟ್ಟೆಯೊಳಗಿನ ಕೂಸೂ ಒಂದೇ ತುತ್ತಿಗೆ ಪೈಪೋಟಿ ಮಾಡಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು, ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಇದಕ್ಕೆಲ್ಲ ಬಡತನವೇ ಕಾರಣ ಎಂದು ಕೈತೊಳೆದುಕೊಳ್ಳುತ್ತಾರೆ. ಬಡತನ ಹೌದು. ಕೆಟ್ಟ ನೀರು, ಭೇದಿ, ಜಂತುಹುಳು ಕೂಡ ಹೌದು. ಆದರೆ ಅದೇ ಬಡ ಮನೆಯಲ್ಲಿ ವರನ ಬಂಗಾರಕ್ಕೆ, ಮೋಟರ್ ಸೈಕಲ್ಲಿಗೆ ಸಾಲ ಹುಟ್ಟುತ್ತದಲ್ಲ! ಬಡ್ಡಿ ಕಟ್ಟಲು ಎಮ್ಮೆ ಮಾರುತ್ತಾರೆ, ಮಕ್ಕಳ ಹಾಲು ನಿಲ್ಲುತ್ತದೆ. ಹೆಸರುಕಾಳು, ಶೇಂಗಾ ಸಂತೆ ಸೇರುತ್ತವೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ!

ಇಳಕಲ್ಲಿನ ಮಗ್ಗದ ಮನೆಯಲ್ಲಿ ದಿನವಿಡೀ ನೂಲು ಸುತ್ತುವವಳ ದುಡಿಮೆಗೆ ಲೆಕ್ಕವಿಲ್ಲ. ಕೂಲಿ ಗಂಡನ ಕೈಗೆ. ಕೂಸಿಗೊಂದು ಮೊಟ್ಟೆ ತರಲು ಕಾಸು ಕೇಳಿದರೆ ಏಟು. ಹೊಡೆತಕ್ಕೂ ಹಸಿವಿಗೂ ನಂಟಿದೆ. ಪದೇ ಪದೇ ಗಂಡನ ಹೊಡೆತ ತಿನ್ನುವ ಹೆಂಗಸರಲ್ಲಿ ರಕ್ತಹೀನತೆ ಹೆಚ್ಚೆಂದು ನಮ್ಮ ದೇಶದ ಸಮೀಕ್ಷೆಯನ್ನೇ ಆಧರಿಸಿದ 2008ರ ಅಧ್ಯಯನವೊಂದು ಹೇಳಿತು.

ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಉಣ್ಣಲಿ ಎಂದು ಸರ್ಕಾರ 2017ರಲ್ಲಿ ‘ಮಾತೃಪೂರ್ಣ’ ತಂದಿತು. ಯಾಕೆ? ಪಡಿ ಮನೆಗೆ ಕೊಟ್ಟರೆ ಎಲ್ಲರಿಗೂ ಹಂಚಿಹೋಗಿ ಅವಳಿಗೆ ಉಳಿಯದೆಂದು. ಸರ್ಕಾರಕ್ಕೆ ತಿಳಿದದ್ದು ನಮಗೆ ತಿಳಿಯದೆ?

ಮುಂದಿನ ವಾರ ಸಂಘದಲ್ಲಿ ಉಳಿತಾಯದ ಪುಸ್ತಕ ತೆರೆದಾಗ ಮೂರು ಮಾತು ಬರೆಯಿರಿ. ವರದಕ್ಷಿಣೆಗೆ ಸಂಘದ ಸಾಲವಿಲ್ಲ. ನಮ್ಮ ಮನೆಯ ಬಸುರಿ ಮೊದಲ ಪಂಕ್ತಿಯಲ್ಲೇ ಉಣ್ಣುತ್ತಾಳೆ. ಏಟು ತಿಂದವಳ ಜೊತೆ ನಾವೆಲ್ಲ ಹೋಗುತ್ತೇವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನಮಗಿದೆ, 181 ಸಹಾಯವಾಣಿ ಇದೆ.

ನಮ್ಮಲ್ಲಿ ಅತ್ತೆಯರೂ ಇದ್ದೇವೆ. ಮೊದಲ ರೊಟ್ಟಿ ಸೊಸೆಯ ತಾಟಿಗೆ ಹಾಕುವ ಕೈ ನಮ್ಮದೇ ಆಗಲಿ.