ಕಣ್ಣಿನ ಅಳತೆ

ಹೊಲಿಸಿದ ಅಂಗಿ ಬಿಗಿಯಾದರೆ ದರ್ಜಿಯ ಬಳಿಗೆ ಮರಳಿ ಒಯ್ಯಬಹುದು. ಪೊರೆ ತೆಗೆದು ಕಣ್ಣಿನೊಳಗೆ ಇರಿಸಿದ ಮಸೂರದ ವಿಷಯ ಹಾಗಲ್ಲ. ಅದನ್ನು ಬದಲಾಯಿಸಬೇಕಾದರೆ ಮತ್ತೊಂದು ಶಸ್ತ್ರಕ್ರಿಯೆಯೇ ಆಗಬೇಕು. ಆದುದರಿಂದ ಮುಂಚಿತವಾಗಿ ನಡೆಯುವ ಅಳತೆಯನ್ನು ವಾಚಕರು ಅಲಕ್ಷಿಸಬಾರದು.

ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1949ರಲ್ಲಿ ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರು ಮೊತ್ತಮೊದಲಿಗೆ ಕೃತಕ ಮಸೂರವನ್ನು ರೋಗಿಯೊಬ್ಬರ ಕಣ್ಣಿನಲ್ಲಿ ಇರಿಸಿದರು. ಕಲ್ಪನೆ ಗೆದ್ದಿತು, ಲೆಕ್ಕ ಸೋತಿತು. ಮಸೂರದ ಶಕ್ತಿ ಮಿತಿಮೀರಿದ್ದುದರಿಂದ ಆ ಕಣ್ಣಿಗೆ ಸುಮಾರು 18 ಡಯಾಪ್ಟರುಗಳಷ್ಟು ಹ್ರಸ್ವದೃಷ್ಟಿ ಬಂದಿತು. ಪೊರೆ ಹೋದರೂ ದೂರದ ನೋಟಕ್ಕೆ ದಪ್ಪ ಕನ್ನಡಕ ತಪ್ಪಲಿಲ್ಲ.

ಇಂದು ಮುಖ್ಯವಾಗಿ ಎರಡು ಅಳತೆಗಳು ಬೇಕು: ಕಣ್ಣಿನ ಮುಂದಿನಿಂದ ಹಿಂದಿನವರೆಗಿನ ಉದ್ದ ಮತ್ತು ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲದ ಬಾಗು. ಸಾಮಾನ್ಯವಾಗಿ ಕಣ್ಣಿನ ಉದ್ದ 23 ರಿಂದ 24 ಮಿಲಿಮೀಟರ್. ಇದರಲ್ಲಿ 1 ಮಿಲಿಮೀಟರ್ ತಪ್ಪಿದರೆ ಕನ್ನಡಕದ ನಂಬರಿನಲ್ಲಿ ಎರಡೂವರೆ ಡಯಾಪ್ಟರಿನಷ್ಟು ವ್ಯತ್ಯಾಸವಾಗಬಲ್ಲದು.

ಈಗಿನ ಯಂತ್ರಗಳು ಕಣ್ಣನ್ನು ಮುಟ್ಟದೆ, ಬೆಳಕಿನಿಂದಲೇ ಅಳೆಯುತ್ತವೆ. ಪೊರೆ ತೀರ ಗಟ್ಟಿಯಾಗಿದ್ದರೆ ಬೆಳಕು ಹಾಯಲಾರದು. ಆಗ ಶ್ರವಣಾತೀತ ಧ್ವನಿತರಂಗಗಳನ್ನು ಬಳಸುತ್ತಾರೆ. ಕಣ್ಣಿಗೆ ತಾಗಿಸುವ ಉಪಕರಣವನ್ನು ತುಸು ಒತ್ತಿದರೂ ಕಣ್ಣು ಇರುವುದಕ್ಕಿಂತ ಗಿಡ್ಡವಾಗಿ ತೋರಿ, ಅಗತ್ಯಕ್ಕಿಂತ ಪ್ರಬಲವಾದ ಮಸೂರ ಆಯ್ಕೆಯಾಗುವ ಅಪಾಯವುಂಟು. ನುರಿತ ಕೈಯ ಬೆಲೆ ಇಲ್ಲಿ ತಿಳಿಯುತ್ತದೆ.

ರೋಗಿಯ ಪಾಲಿನ ಕರ್ತವ್ಯವೂ ಇದೆ. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ವೈದ್ಯರು ಹೇಳಿದಷ್ಟು ದಿನ ಮೊದಲೇ ಅದನ್ನು ತೆಗೆದಿಡಬೇಕು. ಅದು ಪಟಲದ ಬಾಗನ್ನೇ ಮಾರ್ಪಡಿಸುತ್ತದೆ. ಹಿಂದೆಂದಾದರೂ ಕನ್ನಡಕ ಬಿಡಲೆಂದು ಲೇಸರ್ ಚಿಕಿತ್ಸೆ ಪಡೆದಿದ್ದರೆ ಮುಚ್ಚಿಡಬಾರದು. ಅಂಥ ಕಣ್ಣಿಗೆ ಸಾಧಾರಣ ಸೂತ್ರಗಳು ಸರಿಹೊಂದವು. ಕಣ್ಣು ಒಣಗುವ ತೊಂದರೆಯಿದ್ದರೂ ಮೊದಲೇ ತಿಳಿಸತಕ್ಕದ್ದು.

ಮನೆಯ ಹಿರಿಯರನ್ನು ಕರೆದೊಯ್ಯುವವರು ಎರಡು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಎರಡೂ ಕಣ್ಣುಗಳನ್ನು ಅಳೆದು ಹೋಲಿಸಿದ್ದಾರೆಯೆ? ಮಸೂರವನ್ನು ದೂರದ ನೋಟಕ್ಕೆ ಆರಿಸಿದ್ದಾರೆಯೆ, ಹತ್ತಿರದ್ದಕ್ಕೆಯೆ? ಸಾಧಾರಣ ಮಸೂರ ಒಂದೇ ದೂರಕ್ಕೆ ಹೊಂದುವಂಥದು. ದಿನವೆಲ್ಲ ಗ್ರಂಥ ಓದುವ ತಂದೆಯವರ ಅಗತ್ಯ ಬೇರೆ, ಪ್ರತಿದಿನ ರಸ್ತೆ ದಾಟಿ ದೇವಸ್ಥಾನಕ್ಕೆ ಹೋಗುವ ತಾಯಿಯವರ ಅಗತ್ಯ ಬೇರೆ.

ಅಳತೆ ಸರಿಯಿದ್ದರೂ ಸಣ್ಣ ನಂಬರಿನ ಕನ್ನಡಕ ಉಳಿಯಬಹುದು. ಅದಕ್ಕಾಗಿ ಯಾರೂ ಎದೆಗುಂದಬೇಕಾಗಿಲ್ಲ. ಆದರೆ ಅಳತೆಗೆ ಕುಳಿತಾಗ ಅವಸರಪಡದೆ, ತೋರಿಸಿದ ದೀಪವನ್ನು ನೆಟ್ಟ ನೋಟದಿಂದ ನೋಡಿರಿ. ವೈದ್ಯರು ಮತ್ತೊಮ್ಮೆ ಅಳೆಯುವೆವೆಂದರೆ ಸಂತೋಷದಿಂದ ಒಪ್ಪಿರಿ.